ಹೊಟ್ಟೆ ಮುಟ್ಟುವ ಕೈ, ಅಂಕ ಹಾಕುವ ಕಾಗದ

ಶಿವಮೊಗ್ಗದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಕೇಳಲು ಬಂದವರಲ್ಲಿ ಆಶಾ ಕಾರ್ಯಕರ್ತೆಯರು, ನರ್ಸಿಂಗ್ ಓದುವ ಮಕ್ಕಳು, ಅಡಿಕೆ ತೋಟದವರು, ನಿವೃತ್ತ ಮೇಷ್ಟ್ರುಗಳು ಎಲ್ಲರೂ ಇದ್ದರು. ಬರೆಯುವಾಗ ಕೆಲವು ಕಡೆ ಇನ್ನಷ್ಟು ಬಿಡಿಸಿ ಹೇಳಿದ್ದೇನೆ. ಕೊನೆಗೆ ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಯಾರಿಗಾದರೂ ರಾತ್ರಿ ಹೊಟ್ಟೆನೋವು ಬಂದರೆ ಮೊದಲ ತೀರ್ಮಾನ ಮಾಡುವವರು ಅಮ್ಮ, ಅಜ್ಜಿ, ಇಲ್ಲವೇ ಪಕ್ಕದ ಮನೆಯವರು. "ಮಧ್ಯಾಹ್ನ ಏನು ತಿಂದಿದ್ದೆ?" ಅಂತ ಶುರುವಾಗುತ್ತದೆ. ಜೀರಿಗೆ ಕಷಾಯ ಆಗುತ್ತದೆ, ಓಮ ಆಗುತ್ತದೆ, ಮಜ್ಜಿಗೆಗೆ ಇಂಗು ಹಾಕಿ ಕುಡಿಸಿದ್ದೂ ಆಗುತ್ತದೆ. ಮೆಡಿಕಲ್ ಶಾಪಿನಿಂದ ತಂದಿಟ್ಟ ಗ್ಯಾಸ್ಟ್ರಿಕ್ ಮಾತ್ರೆ ಇದ್ದೇ ಇರುತ್ತದೆ. ಎಷ್ಟೋ ಸಲ ಅಷ್ಟರಲ್ಲೇ ಕಡಿಮೆಯಾಗುತ್ತದೆ. ಆಗದಿದ್ದರೆ ಏನು? ಈಗಲೇ ಹೊರಡಬೇಕಾ, ಬೆಳಗಾಗಲಿ ಅಂತ ಕಾಯಬಹುದಾ?

ದೊಡ್ಡ ಊರಿನವರಿಗೆ ಈ ಪ್ರಶ್ನೆ ಅಷ್ಟು ಭಾರ ಅನ್ನಿಸುವುದಿಲ್ಲ. ಆಟೋ ಹತ್ತಿದರೆ ಆಸ್ಪತ್ರೆ. ನಮ್ಮಲ್ಲಿ ಹಾಗಲ್ಲ. ತುಮರಿ ಕಡೆಯವರಿಗೆ 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆಗುವವರೆಗೂ ಶರಾವತಿ ಹಿನ್ನೀರು ದಾಟಿ ಸಾಗರಕ್ಕೆ ಬರಲು ಲಾಂಚೇ ಹತ್ತಿರದ ದಾರಿ. ಕತ್ತಲಾದ ಮೇಲೆ ಅದೂ ಇರುತ್ತಿರಲಿಲ್ಲ. ತೀರ್ಥಹಳ್ಳಿ ಕಡೆಯವರು ಒಂದೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರಬೇಕು, ಇಲ್ಲವೇ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಬೇಕು. ಆಷಾಢದ ಮಳೆಯಲ್ಲಿ ಮರ ಬಿದ್ದರೆ ಎರಡೂ ಕಷ್ಟ. ಹಾಗಾಗಿ ಕಾಯುವ ತೀರ್ಮಾನಕ್ಕೂ ಬೆಲೆ ತೆರಬೇಕು, ಹೊರಡುವ ತೀರ್ಮಾನಕ್ಕೂ ಬೆಲೆ ತೆರಬೇಕು.

ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ ಮುಂದೆ ಇದೇ ಪ್ರಶ್ನೆ ಬೇರೆ ರೂಪದಲ್ಲಿ ನಿಲ್ಲುತ್ತದೆ. ಇಲ್ಲೇ ನೋಡಿಕೊಳ್ಳಲಾ, ರೆಫರ್ ಮಾಡಲಾ? ಮುಂದೆ ಸರ್ಜನ್ ಹತ್ತಿರ ಹೋದಾಗ ಮತ್ತೊಂದು ರೂಪ. ಹೊಟ್ಟೆ ಕೊಯ್ಯಲಾ, ಇನ್ನು ಆರು ಗಂಟೆ ನೋಡಲಾ? ತಡ ಮಾಡಿದರೆ ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಯೆಲ್ಲ ಹರಡಬಹುದು. ಅವಸರ ಮಾಡಿದರೆ ಚೆನ್ನಾಗಿರುವ ಅಪೆಂಡಿಕ್ಸನ್ನು ಕೊಯ್ದು ತೆಗೆದ ಹಾಗಾಗಬಹುದು. ನಾನು ಸರ್ಜನ್ ಆಗಿ ಮಲೆನಾಡಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವನು. ಈ ಎರಡು ಭಯಗಳ ನಡುವೆ ನಿಂತು ತೀರ್ಮಾನ ಮಾಡುವುದೇ ನಮ್ಮ ಕೆಲಸದ ದೊಡ್ಡ ಪಾಲು.

ಹೊಟ್ಟೆ ಯಾಕೆ ಇಷ್ಟು ಸತಾಯಿಸುತ್ತದೆ ಅಂತ ಮೊದಲು ಹೇಳುತ್ತೇನೆ. ಬೆರಳಿಗೆ ಮುಳ್ಳು ಚುಚ್ಚಿದರೆ ಎಲ್ಲಿ ಚುಚ್ಚಿತು ಅಂತ ಕಣ್ಣು ಮುಚ್ಚಿಕೊಂಡೂ ಹೇಳಬಹುದು. ಕರುಳಿಗೆ ಆ ಶಕ್ತಿ ಇಲ್ಲ. ಕರುಳಿನ ನರಗಳು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ, ಆದರೆ ವಿಳಾಸ ಸರಿಯಾಗಿ ಬರೆಯುವುದಿಲ್ಲ. ಅಪೆಂಡಿಕ್ಸ್ ಇರುವುದು ಹೊಟ್ಟೆಯ ಬಲಗಡೆ ಕೆಳಗೆ. ಅದರ ನರಗಳು ಬೆನ್ನುಹುರಿಯನ್ನು ಸೇರುವ ಮಟ್ಟಕ್ಕೇ ಹೊಕ್ಕುಳ ಸುತ್ತಲಿನ ಚರ್ಮದ ನರಗಳೂ ಬಂದು ಸೇರುತ್ತವೆ. ಅದಕ್ಕೇ ಅಪೆಂಡಿಕ್ಸ್ ಊದಿಕೊಂಡಾಗ ಮೊದಲು ಹೊಕ್ಕುಳ ಸುತ್ತ ಮಂದವಾಗಿ ನೋಯುತ್ತದೆ. ಕೆಲವು ಗಂಟೆ ಕಳೆದು ಊತ ಹೊಟ್ಟೆಯ ಒಳಪೊರೆಯನ್ನು ಮುಟ್ಟಿದಾಗ ನೋವು ಬಲಗಡೆ ಕೆಳಕ್ಕೆ ಇಳಿದು ಒಂದು ಕಡೆ ನಿಲ್ಲುತ್ತದೆ. ಆ ಪೊರೆಗೆ ಮಾತ್ರ ವಿಳಾಸ ಸರಿಯಾಗಿ ಗೊತ್ತು. ಅಲ್ಲಿ ಮೆಲ್ಲಗೆ ಒತ್ತಿ ಕೈ ತೆಗೆದರೆ ಚಳಕ್ ಅನ್ನುತ್ತದೆ.

ಪುಸ್ತಕದಲ್ಲಿ ಇದು ಚೆಂದ. ವಾರ್ಡಿನಲ್ಲಿ ಎಲ್ಲರ ನೋವೂ ಹೀಗೆ ಶಿಸ್ತಾಗಿ ನಡೆದುಕೊಳ್ಳುವುದಿಲ್ಲ. ಅಪೆಂಡಿಕ್ಸ್ ಕರುಳಿನ ಹಿಂದೆ ಅಡಗಿದ್ದರೆ ಮುಂದೆ ಒತ್ತಿದರೂ ನೋವೇ ಗೊತ್ತಾಗದಿರಬಹುದು. ವಯಸ್ಸಾದವರಲ್ಲಿ ಒಳಗೆ ದೊಡ್ಡ ಅನಾಹುತ ಆಗಿದ್ದರೂ ಹೊಟ್ಟೆ ಮೆತ್ತಗೇ ಇರಬಹುದು. ಇನ್ನೊಂದು ಕಡೆ, ತೀವ್ರ ಹೊಟ್ಟೆನೋವು ಅಂತ ಆಸ್ಪತ್ರೆಗೆ ಬಂದವರಲ್ಲಿ ದೊಡ್ಡ ಪಾಲು ಜನರಿಗೆ ಕೊನೆಗೂ ಯಾವ ಕಾಯಿಲೆಯ ಹೆಸರೂ ಸಿಗುವುದಿಲ್ಲ. ಹಲವು ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕವನ್ನು ವಿಶ್ವ ಜಠರ-ಕರುಳು ತಜ್ಞರ ಸಂಘಟನೆ ಒಟ್ಟುಮಾಡಿತ್ತು. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಹೀಗೆ ಕಾರಣ ತಿಳಿಯದೆ ತಾನಾಗಿ ಕಡಿಮೆಯಾದ ನೋವು. ಅಪೆಂಡಿಕ್ಸ್ 28 ಶೇಕಡಾ, ಪಿತ್ತಕೋಶದ ಊತ 10 ಶೇಕಡಾ. ಅಂದರೆ ತಾನಾಗಿ ವಾಸಿಯಾಗುವ ನೋವು ಮತ್ತು ಇವತ್ತೇ ಕತ್ತರಿಸಬೇಕಾದ ನೋವು ಹೆಚ್ಚು ಕಡಿಮೆ ಸಮಸಮವಾಗಿ ಒಂದೇ ಬಾಗಿಲಲ್ಲಿ ಬರುತ್ತವೆ. ಶುರುವಿನ ಗಂಟೆಗಳಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಈಗ ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಹೋಗೋಣ. 1970ರ ಆಸುಪಾಸು. ಅಲ್ಲಿ ಎಫ್. ಟಿ. ಡಿ ಡೊಂಬಾಲ್ ಅನ್ನುವ ಡಾಕ್ಟರು ತಮ್ಮ ಸಂಗಡಿಗರ ಜೊತೆ ಒಂದು ಕೆಲಸಕ್ಕೆ ಇಳಿದರು. ಹೊಟ್ಟೆನೋವು ಅಂತ ಬಂದ ಪ್ರತಿಯೊಬ್ಬರಿಗೂ ಒಂದೇ ಪಟ್ಟಿಯ ಪ್ರಶ್ನೆ ಕೇಳುವುದು. ನೋವು ಎಲ್ಲಿ ಶುರುವಾಯಿತು, ಈಗ ಎಲ್ಲಿದೆ, ಎಷ್ಟು ಹೊತ್ತಾಯಿತು, ಕೆಮ್ಮಿದರೆ ಜಾಸ್ತಿಯಾಗುತ್ತದಾ, ವಾಂತಿ ಇದೆಯಾ, ಒತ್ತಿದರೆ ಎಲ್ಲಿ ನೋಯುತ್ತದೆ, ಹೀಗೆ. ಉತ್ತರಗಳನ್ನು ಕಂಪ್ಯೂಟರಿಗೆ ಕೊಡುವುದು. ಹಿಂದಿನ ರೋಗಿಗಳ ದಾಖಲೆ ಅದರಲ್ಲಿ ಮೊದಲೇ ಇದೆ. ಅಪೆಂಡಿಕ್ಸ್, ಪಿತ್ತಕೋಶ, ಕರುಳಿನ ಅಡಚಣೆ, ತೂತಾದ ಅಲ್ಸರ್, ಮೇದೋಜೀರಕ ಗ್ರಂಥಿಯ ಊತ, ದೊಡ್ಡ ಕರುಳಿನ ಚೀಲಗಳ ಊತ, ಕಾರಣವಿಲ್ಲದ ನೋವು ಎಂಬ ಏಳು ಹೆಸರುಗಳಲ್ಲಿ ಯಾವುದಕ್ಕೆ ಎಷ್ಟು ಸಾಧ್ಯತೆ ಅಂತ ಅದು ಹೇಳಬೇಕು.

1972ರಲ್ಲಿ ಅವರು ಫಲಿತಾಂಶ ಪ್ರಕಟಿಸಿದರು. 304 ರೋಗಿಗಳು. ಕಂಪ್ಯೂಟರ್ ಸರಿ ಹೇಳಿದ್ದು 91.8 ಶೇಕಡಾ. ಅದೇ ರೋಗಿಗಳನ್ನು ನೋಡಿದ ಅತಿ ಹಿರಿಯ ಡಾಕ್ಟರು ಸರಿ ಹೇಳಿದ್ದು 79.6 ಶೇಕಡಾ. ಡಾಕ್ಟರುಗಳ ಲೋಕದಲ್ಲಿ ಇದು ಸಣ್ಣ ಸುದ್ದಿಯಲ್ಲ. ಮನಶ್ಶಾಸ್ತ್ರದವರಿಗೆ ಮಾತ್ರ ಇದು ಹೊಸದಾಗಿರಲಿಲ್ಲ. ಅಮೆರಿಕದ ಪಾಲ್ ಮೀಲ್ 1954ರಲ್ಲೇ ತಜ್ಞರ ಊಹೆಯನ್ನು ಸರಳ ಲೆಕ್ಕದ ಜೊತೆ ಹೋಲಿಸಿ, ಲೆಕ್ಕ ಸಮನಾಗಿ ನಿಲ್ಲುತ್ತದೆ ಅಥವಾ ಮುಂದೆ ಹೋಗುತ್ತದೆ ಅಂತ ತೋರಿಸಿದ್ದರು.

ಕಂಪ್ಯೂಟರ್ ಮಾಡಿದ ಲೆಕ್ಕದಲ್ಲಿ ಮಾಯೆ ಏನೂ ಇಲ್ಲ. ಥಾಮಸ್ ಬೇಯ್ಸ್ ಅನ್ನುವ ಪಾದ್ರಿಯ ಗಣಿತ ಅದು. ಅವರು ತೀರಿಕೊಂಡ ಮೇಲೆ 1763ರಲ್ಲಿ ಅಚ್ಚಾಯಿತು. ಸುಮ್ನೆ ಒಂದು ಊಹೆಯ ಲೆಕ್ಕ ಮಾಡೋಣ, ಅಂಕಿಗಳು ನಾನು ಇಟ್ಟುಕೊಂಡವು. ದೊಡ್ಡಾಸ್ಪತ್ರೆಗೆ ತೀವ್ರ ಹೊಟ್ಟೆನೋವಿನ 100 ಜನ ಬಂದರು, ಅವರಲ್ಲಿ 25 ಜನರಿಗೆ ಅಪೆಂಡಿಕ್ಸ್ ಅಂದುಕೊಳ್ಳಿ. ಆ 25ರಲ್ಲಿ 20 ಜನ "ನೋವು ಹೊಕ್ಕುಳಿನಿಂದ ಬಲಗಡೆಗೆ ಹೋಯಿತು" ಅನ್ನುತ್ತಾರೆ. ಉಳಿದ 75ರಲ್ಲೂ 15 ಜನ ಹಾಗೇ ಅನ್ನುತ್ತಾರೆ. ಒಟ್ಟು 35 ಜನ ಹಾಗೆ ಹೇಳಿದರು, ಅವರಲ್ಲಿ ನಿಜವಾದ ಅಪೆಂಡಿಕ್ಸ್ 20. ಅರ್ಧಕ್ಕಿಂತ ಹೆಚ್ಚು. ಈಗ ಅದೇ ಮಾತನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ತನ್ನಿ. ಅಲ್ಲಿ ಹೊಟ್ಟೆನೋವು ಅಂತ ಬರುವ 100 ಜನರಲ್ಲಿ ಅಪೆಂಡಿಕ್ಸ್ ಬರೀ 2 ಅಂದುಕೊಳ್ಳಿ. ಆ ಇಬ್ಬರೂ ಹಾಗೇ ಹೇಳುತ್ತಾರೆ ಅಂತಲೇ ಇಟ್ಟುಕೊಳ್ಳೋಣ. ಉಳಿದ 98ರಲ್ಲೂ ಸುಮಾರು 20 ಜನ ಹೇಳುತ್ತಾರೆ. 22ರಲ್ಲಿ 2! ರೋಗಿ ಹೇಳಿದ ಮಾತು ಒಂದೇ, ಕುಳಿತ ಜಾಗ ಬೇರೆಯಾದದ್ದಕ್ಕೆ ಅದರ ತೂಕವೇ ಬದಲಾಯಿತು. ಮನುಷ್ಯರ ತಲೆ ಈ ತೂಕ ಹಾಕುವುದರಲ್ಲಿ ಬಹಳ ಹಿಂದೆ. ನಿನ್ನೆ ನೋಡಿದ ಒಂದು ಭಯಂಕರ ಕೇಸು ಇವತ್ತಿನ ಹತ್ತು ಸಾಧಾರಣ ಕೇಸುಗಳ ಮೇಲೆ ನೆರಳು ಹಾಕುತ್ತದೆ.

ಲೀಡ್ಸ್‌ನವರೇ ಮಾಡಿದ ಇನ್ನೊಂದು ಪರೀಕ್ಷೆ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ನಿಜವಾದ ರೋಗಿಗಳ ದಾಖಲೆಯ ಬದಲು "ಈ ಕಾಯಿಲೆಯಲ್ಲಿ ಈ ಲಕ್ಷಣ ನೂರಕ್ಕೆ ಎಷ್ಟು ಜನರಲ್ಲಿರುತ್ತದೆ?" ಅಂತ ಡಾಕ್ಟರುಗಳನ್ನೇ ಕೇಳಿ, ಅವರ ಅಂದಾಜನ್ನು ಕಂಪ್ಯೂಟರಿಗೆ ತುಂಬಿದರು. ಗಣಿತ ಅದೇ, ಯಂತ್ರ ಅದೇ. ಆದರೆ ಅದರ ಜಾಣತನ ಇಳಿದು ಹೆಚ್ಚು ಕಡಿಮೆ ಡಾಕ್ಟರುಗಳ ಮಟ್ಟಕ್ಕೇ ಬಂತು. ಅಂದರೆ ಗೆದ್ದದ್ದು ಯಂತ್ರಕ್ಕಿಂತ ಜಾಸ್ತಿ ದಾಖಲೆ. ಬಂದ ಪ್ರತಿಯೊಬ್ಬರ ಕಥೆಯನ್ನೂ, ಆ ಕಥೆಯ ಕೊನೆಯನ್ನೂ ಯಾರೋ ತಾಳ್ಮೆಯಿಂದ ಬರೆದಿಟ್ಟಿದ್ದರು.

ಮುಂದೆ ಇನ್ನೂ ದೊಡ್ಡ ಪ್ರಯೋಗ ಬಂತು. ಬ್ರಿಟನ್ನಿನ 8 ಕೇಂದ್ರಗಳು, 250 ಡಾಕ್ಟರುಗಳು, 16,737 ರೋಗಿಗಳು. ಫಲಿತಾಂಶ 1986ರಲ್ಲಿ ಪ್ರಕಟವಾಯಿತು. ಮೊದಲ ನೋಟದ ರೋಗನಿರ್ಣಯ ಸರಿಯಾಗುತ್ತಿದ್ದದ್ದು 45.6 ಶೇಕಡಾ ಇತ್ತು. ಕಂಪ್ಯೂಟರಿನ ನೆರವು ಬಂದ ಮೇಲೆ ಅದು 65.3ಕ್ಕೆ ಏರಿತು. ಅಪೆಂಡಿಕ್ಸ್ ಒಡೆದ ಮೇಲೆ ಆಪರೇಷನ್ ಆಗುತ್ತಿದ್ದವರ ಪ್ರಮಾಣ 23.7ರಿಂದ 11.5 ಶೇಕಡಾಕ್ಕೆ ಇಳಿಯಿತು. ಸುಮ್ನೆ ಹೊಟ್ಟೆ ಕೊಯ್ದದ್ದು ಸುಮಾರು ಅರ್ಧದಷ್ಟು ಕಡಿಮೆಯಾಯಿತು. ಸಾವು 22 ಶೇಕಡಾ ಕಡಿಮೆಯಾಯಿತು. ಮೊದಲಿನ ಕಾಲವನ್ನು ನಂತರದ ಕಾಲದ ಜೊತೆ ಹೋಲಿಸಿದ ಅಧ್ಯಯನ ಅದು, ಆ ಕಾರಣಕ್ಕೆ ಟೀಕೆಯೂ ಬಂತು. ಅದು ನ್ಯಾಯವಾದ ಟೀಕೆ. ಆದರೂ ಒಡೆದ ಅಪೆಂಡಿಕ್ಸ್‌ನ ಮಗುವನ್ನು ವಾರಗಟ್ಟಲೆ ವಾರ್ಡಿನಲ್ಲಿ ನೋಡಿದವರಿಗೆ 23.7 ಮತ್ತು 11.5ರ ನಡುವಿನ ಅಂತರ ಬರೀ ಅಂಕಿಯಾಗಿ ಕಾಣುವುದಿಲ್ಲ.

ಹಾಗಾದರೆ ಒಳ್ಳೆಯದು ಮಾಡಿದ್ದು ಯಾವುದು? 1974ರಲ್ಲೇ ಲೀಡ್ಸ್‌ನವರು ಗಮನಿಸಿದ್ದರು: ಪ್ರಯೋಗ ನಡೆಯುತ್ತಿದ್ದಾಗ ಕಂಪ್ಯೂಟರ್ ಏನು ಹೇಳಿತು ಅಂತ ನೋಡುವ ಮೊದಲೇ ಡಾಕ್ಟರುಗಳ ಸ್ವಂತ ತೀರ್ಮಾನ ಚೆನ್ನಾಗಿ ಸುಧಾರಿಸಿತ್ತು. ಪ್ರಯೋಗ ನಿಲ್ಲಿಸಿದ ಮೇಲೆ ಅದು ಮತ್ತೆ ಹಳೆಯ ಮಟ್ಟಕ್ಕೆ ಜಾರಿತು. 1992ರಲ್ಲಿ ಬ್ರಿಟನ್ನಿನ ಇನ್ನೊಂದು ತಂಡ, ಸಂಖ್ಯಾಶಾಸ್ತ್ರಜ್ಞ ಡೇವಿಡ್ ಸ್ಪೀಗಲ್‌ಹಾಲ್ಟರ್ ಅದರಲ್ಲಿದ್ದರು, ಆ ಪ್ರಶ್ನೆಪಟ್ಟಿಯ ಫಾರಂ ತುಂಬುವುದನ್ನೂ ಕಂಪ್ಯೂಟರಿನ ಉತ್ತರವನ್ನೂ ಬೇರೆ ಬೇರೆಯಾಗಿ ಅಳೆದು ನೋಡಿತು. ಲಾಭದ ಬಹುಪಾಲು ಬಂದದ್ದು ಫಾರಂನಿಂದ. ಅದರ ಮೇಲೆ ಕಂಪ್ಯೂಟರಿನ ಉತ್ತರ ಸೇರಿಸಿದ್ದರಿಂದ ಹೆಚ್ಚೇನೂ ಸಿಗಲಿಲ್ಲ.

ಇವತ್ತು ನಾನು ಹೇಳಬೇಕು ಅಂತ ಬಂದದ್ದು ಇದನ್ನೇ. ಡಾಕ್ಟರ್ ಮೇಲಾ, ಯಂತ್ರ ಮೇಲಾ ಅಂತ ಐವತ್ತು ವರ್ಷ ಜಗಳ ನಡೆದಿದೆ. ಆ ಜಗಳದ ಸದ್ದಿನಲ್ಲಿ ಒಂದು ಹಾಳೆಯ ಫಾರಂ ಯಾರ ಕಿವಿಗೂ ಬೀಳಲಿಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳು, ಉತ್ತರ ಬರೆ, ನಿನ್ನ ತೀರ್ಮಾನವನ್ನೂ ಬರೆ, ಕೊನೆಗೆ ಏನಾಯಿತು ಅಂತ ತಿಳಿದುಕೋ. ಇದಕ್ಕೆ ಕಂಪ್ಯೂಟರ್ ಬೇಡ, ಕರೆಂಟೂ ಬೇಡ.

ನಮ್ಮ ಅಡಿಕೆ ಮಂಡಿಯಲ್ಲಿ ರಾಶಿ ಇಡಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಬಗೆಯನ್ನು ಕೈಯಲ್ಲಿ ಹಿಡಿದ ಕೂಡಲೇ ಹೇಳುವವರಿದ್ದಾರೆ. ಆ ಕಣ್ಣು ಹೇಗೆ ಬಂತು? ಅವರು ಹೇಳಿದ್ದು ಸರಿಯೋ ತಪ್ಪೋ ಅಂತ ಅವತ್ತೇ ಧಾರಣೆಯಲ್ಲಿ ಗೊತ್ತಾಗುತ್ತದೆ. ಆರೋಗ್ಯ ಕೇಂದ್ರದ ಡಾಕ್ಟರಿಗೆ ಆ ಭಾಗ್ಯವಿಲ್ಲ. ಸಾಗರಕ್ಕೋ ಶಿವಮೊಗ್ಗಕ್ಕೋ ಕಳಿಸಿದ ರೋಗಿ ಏನಾದರು ಅಂತ ಅವರಿಗೆ ಯಾರೂ ಹೇಳುವುದಿಲ್ಲ. ಅಪೆಂಡಿಕ್ಸ್ ಅಂತ ಬರೆದು ಕಳಿಸಿದ್ದು ಕಿಡ್ನಿ ಕಲ್ಲು ಅಂತ ಗೊತ್ತಾದರೂ ಆ ಸುದ್ದಿ ಹಿಂದಕ್ಕೆ ಬರುವುದಿಲ್ಲ. ಡೇನಿಯಲ್ ಕಾನಮನ್ ಮತ್ತು ಗ್ಯಾರಿ ಕ್ಲೈನ್ ಅಂತ ಇಬ್ಬರು ವಿದ್ವಾಂಸರು. ಒಬ್ಬರಿಗೆ ತಜ್ಞರ ಒಳಅರಿವಿನ ಮೇಲೆ ಅನುಮಾನ, ಇನ್ನೊಬ್ಬರಿಗೆ ನಂಬಿಕೆ. 2009ರಲ್ಲಿ ಇಬ್ಬರೂ ಸೇರಿ ಬರೆದಾಗ ಒಂದು ವಿಷಯದಲ್ಲಿ ಒಪ್ಪಿದರು. ಲಕ್ಷಣಗಳಲ್ಲಿ ನಂಬುವಂಥ ಕ್ರಮ ಇರಬೇಕು, ತಪ್ಪು-ಸರಿ ಬೇಗ ತಿಳಿಯಬೇಕು, ಆಗ ಮಾತ್ರ ಅನುಭವ ಜಾಣತನವಾಗುತ್ತದೆ. ಇಪ್ಪತ್ತು ವರ್ಷದ ಸೇವೆ ಆಯಿತು ಅನ್ನುವುದರಿಂದಲೇ ಕೈಗೆ ಕಣ್ಣು ಬರುವುದಿಲ್ಲ. ನಮ್ಮ ವ್ಯವಸ್ಥೆ ಡಾಕ್ಟರುಗಳಿಂದ ಈ ಕಲಿಕೆಯನ್ನು ಕಿತ್ತುಕೊಂಡಿದೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಅಂಕ ಹಾಕುವ ಕಾಗದದ ಬಗ್ಗೆಯೂ ಹೇಳಬೇಕು. ಅಪೆಂಡಿಕ್ಸ್ ವಿಷಯದಲ್ಲಿ ಎಲ್ಲರಿಗಿಂತ ಹೆಸರಾದದ್ದು ಅಲ್ವರಾಡೊ ಸ್ಕೋರ್. ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ಆಲ್ಫ್ರೆಡೊ ಅಲ್ವರಾಡೊ 305 ರೋಗಿಗಳ ದಾಖಲೆ ನೋಡಿ 1986ರಲ್ಲಿ ಮಾಡಿದ್ದು. ನೋವು ಬಲಕ್ಕೆ ಸರಿದಿದ್ದರೆ 1 ಅಂಕ. ಊಟ ಸೇರದಿದ್ದರೆ 1. ವಾಕರಿಕೆ ಅಥವಾ ವಾಂತಿಗೆ 1. ಬಲಗಡೆ ಕೆಳಗೆ ಒತ್ತಿದರೆ ನೋವಿದ್ದರೆ 2. ಕೈ ತೆಗೆದಾಗ ಚಳಕು ಬಂದರೆ 1. ಜ್ವರಕ್ಕೆ 1. ರಕ್ತದಲ್ಲಿ ಬಿಳಿಕಣ ಜಾಸ್ತಿಯಾಗಿದ್ದರೆ 2, ಅದರಲ್ಲೂ ನ್ಯೂಟ್ರೊಫಿಲ್ ಕಣಗಳ ಪಾಲು ಏರಿದ್ದರೆ ಇನ್ನೊಂದು 1. ಒಟ್ಟು 10. ಒಂದು ರಕ್ತಪರೀಕ್ಷೆ ಬಿಟ್ಟರೆ ಉಳಿದದ್ದಕ್ಕೆ ಕೈ, ಕಿವಿ ಮತ್ತು ಥರ್ಮಾಮೀಟರ್ ಸಾಕು.

ಇದನ್ನು ಎಷ್ಟು ನಂಬಬಹುದು? 2011ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಅಂಕ 5ಕ್ಕಿಂತ ಕಡಿಮೆ ಇದ್ದರೆ ಅಪೆಂಡಿಕ್ಸ್ ಇರುವುದು ಬಹಳ ಅಪರೂಪ. ನಿಜವಾದ ಅಪೆಂಡಿಕ್ಸ್‌ಗಳಲ್ಲಿ 99 ಶೇಕಡಾ 5 ಮತ್ತು ಅದಕ್ಕಿಂತ ಮೇಲೆ ಸಿಕ್ಕವು. ಆದರೆ 7 ದಾಟಿದೆ ಅಂತ ನೇರವಾಗಿ ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋಗುವ ಹಾಗಿಲ್ಲ, ಅಷ್ಟು ಖಚಿತ ಅದಲ್ಲ. ಹೆಣ್ಣುಮಕ್ಕಳಲ್ಲಿ ಈ ಅಂಕ ಇಲ್ಲದ ಅಪೆಂಡಿಕ್ಸನ್ನು ಇದೆ ಅನ್ನುವುದು ಜಾಸ್ತಿ. ಅಂಡಾಶಯ, ಗರ್ಭನಾಳದ ತೊಂದರೆಗಳೂ ಅದೇ ಜಾಗದಲ್ಲಿ ನೋಯುತ್ತವೆ ಅಲ್ವಾ? ಮಕ್ಕಳಲ್ಲೂ ಅಂಕ ಒಂದೇ ಸಮ ಇರುವುದಿಲ್ಲ. ಏಷ್ಯಾದ ಜನರಿಗೆ ಹೊಂದಲಿ ಅಂತ ಬ್ರೂನೈ ದೇಶದಲ್ಲಿ ರಿಪಾಸಾ ಅನ್ನುವ ಬೇರೆ ಸ್ಕೋರನ್ನೇ ಮಾಡಿದರು.

2006ರಲ್ಲಿ ಬ್ರಿಟನ್ನಿನಲ್ಲಿ ಹೊಟ್ಟೆನೋವಿನ ತೀರ್ಮಾನಕ್ಕೆ ನೆರವಾಗುವ ಅಂಕದ ಕಾಗದ, ಕಂಪ್ಯೂಟರ್ ಪ್ರೋಗ್ರಾಂ ಥರದ ಎಲ್ಲ ಸಾಧನಗಳನ್ನೂ ಡಾಕ್ಟರುಗಳ ಜೊತೆ ಹೋಲಿಸಿದ ಒಂದು ದೊಡ್ಡ ಪರಿಶೀಲನೆ ಬಂತು. ಕಾಯಿಲೆ ಇಲ್ಲದವರಿಗೆ ಇದೆ ಅನ್ನುವ ತಪ್ಪು ಸಾಧನಗಳಲ್ಲಿ ಕಡಿಮೆ, ಡಾಕ್ಟರುಗಳಲ್ಲಿ ಜಾಸ್ತಿ. ಕಾಯಿಲೆ ಇರುವವರನ್ನು ಕೈಬಿಡುವ ತಪ್ಪು ಮಾತ್ರ ಸಾಧನಗಳಲ್ಲೇ ಸ್ವಲ್ಪ ಜಾಸ್ತಿ ಇರಬಹುದು ಅನ್ನುವ ಸೂಚನೆ ಸಿಕ್ಕಿತು. ನನಗೆ ಇದು ಅರ್ಥವಾಗುವಂಥದ್ದೇ. ಡಾಕ್ಟರಿಗೆ ಭಯವಿದೆ. ಒಬ್ಬರನ್ನೂ ಕಳೆದುಕೊಳ್ಳಬಾರದು ಅನ್ನುವ ಭಯ ಕೈಯನ್ನು ಕತ್ತರಿಯ ಕಡೆ ಎಳೆಯುತ್ತದೆ. ಕಾಗದಕ್ಕೆ ಭಯವಿಲ್ಲ.

ಈಗ ನಮ್ಮ ಕಾಡಿಗೆ ಬರೋಣ. ಲೀಡ್ಸ್‌ನ ಪ್ರೋಗ್ರಾಂ ಅನ್ನು ಡೆನ್ಮಾರ್ಕಿನ ಕೋಪನ್‌ಹೇಗನ್‌ಗೆ ಒಯ್ದಾಗಲೇ ಅದು ಮೊದಲಿನಷ್ಟು ಚೆನ್ನಾಗಿ ನಡೆಯಲಿಲ್ಲ. ಎರಡೂ ಯುರೋಪಿನ ಊರುಗಳು, ಆದರೂ ಹಾಗೆ. ಆ ಏಳು ಕಾಯಿಲೆಗಳ ಪಟ್ಟಿಯನ್ನು ತೀರ್ಥಹಳ್ಳಿಗೆ ತಂದರೆ? ದೊಡ್ಡ ಕರುಳಿನ ಚೀಲಗಳ ಊತ ನಮ್ಮ ವಾರ್ಡುಗಳಲ್ಲಿ ಅಲ್ಲಿಯಷ್ಟು ಕಾಣುವುದಿಲ್ಲ. ಟೈಫಾಯಿಡಿನಲ್ಲಿ ತೂತಾದ ಕರುಳು, ಕರುಳಿನ ಕ್ಷಯ, ಅಮೀಬಾದಿಂದ ಯಕೃತ್ತಿನಲ್ಲಿ ಕೀವು, ಇವು ಆ ಪಟ್ಟಿಯಲ್ಲೇ ಇಲ್ಲ. ಇಲಿಜ್ವರ, ಡೆಂಗಿ ಎರಡರಲ್ಲೂ ಹೊಟ್ಟೆನೋವು ಬರುತ್ತದೆ. ಡೆಂಗಿಯಲ್ಲಿ ಬಿಡದ ಹೊಟ್ಟೆನೋವು ಅಪಾಯದ ಗುರುತು.

ಇನ್ನೊಂದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ನೆನಪಿಟ್ಟುಕೊಳ್ಳಿ. ರಾತ್ರಿ ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದು ಕೂರುತ್ತಾರೆ. ಜ್ವರವಿಲ್ಲ. ಹೊಟ್ಟೆ ಒತ್ತಿದರೆ ಮೆತ್ತಗಿದೆ. ಒಂದೆರಡು ಸಲ ವಾಂತಿಯಾಗಿರಬಹುದು. ಅಲ್ವರಾಡೊ ಅಂಕ ಹಾಕಿದರೆ 2ಕ್ಕೆ ನಿಲ್ಲುತ್ತದೆ. ಕಾಗದದ ಪ್ರಕಾರ ಮನೆಗೆ ಕಳಿಸಬಹುದು. ಆದರೆ ರೆಪ್ಪೆ ಸ್ವಲ್ಪ ಜೋತುಬಿದ್ದಿದೆ, ಮಾತು ತೊದಲುತ್ತಿದೆ. ಅದು ಕಟ್ಟು ಹಾವಿನ ಕಡಿತ ಇರಬಹುದು. ಕಡಿದದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಗಾಯದ ಗುರುತೂ ಇರುವುದಿಲ್ಲ, ಊತವೂ ಇಲ್ಲ. ವಿಷ ನರಕ್ಕೆ ಹೋಗಿ ಕೆಲವೇ ಗಂಟೆಗಳಲ್ಲಿ ಉಸಿರು ನಿಲ್ಲಬಹುದು. ಇಲ್ಲಿ ಜೀವ ಉಳಿಸುವುದು "ರಾತ್ರಿ ಎಲ್ಲಿ ಮಲಗಿದ್ದಿರಿ?" ಅನ್ನುವ ಒಂದು ಪ್ರಶ್ನೆ. ಫಿಲಡೆಲ್ಫಿಯಾದ ಕಾಗದದಲ್ಲಿ ಆ ಪ್ರಶ್ನೆ ಇರಲು ಸಾಧ್ಯವಿಲ್ಲ. ಊರಿನ ಪರಿಚಯ ಇರುವ ಡಾಕ್ಟರು, ನರ್ಸಮ್ಮ, ಆಶಾ ಕಾರ್ಯಕರ್ತೆ ಕಾಗದವನ್ನು ಮೀರುವ ಜಾಗ ಇದು. ಹಾಗಂತ ಅದನ್ನು ಅದೃಷ್ಟಕ್ಕೆ ಬಿಡಬಾರದು. ಆ ಪ್ರಶ್ನೆಯನ್ನು ನಮ್ಮ ಫಾರಂನಲ್ಲಿ ನಾವೇ ಸೇರಿಸಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುವುದರ ಜೊತೆ ಜನರ ಜ್ವರವನ್ನು ಜೋಡಿಸಿ ನೋಡಿದ್ದಕ್ಕೆ ಮಂಗನ ಕಾಯಿಲೆ ಪತ್ತೆಯಾಯಿತು. ಈ ಜಿಲ್ಲೆಯವರಿಗೆ ಸ್ಥಳದ ಪ್ರಶ್ನೆಯ ಬೆಲೆ ನಾನು ಹೇಳಬೇಕಾಗಿಲ್ಲ.

ಹಾಗೇ ಅಂಕ ಹಾಕುವ ಮೊದಲೇ ಮುಗಿಸಬೇಕಾದ ಕೆಲವು ಕೆಲಸಗಳಿವೆ. ಎದೆಗುಂಡಿಯ ಹತ್ತಿರ ನೋವು, ಬೆವರು, "ಗ್ಯಾಸ್ಟ್ರಿಕ್ ಇರಬೇಕು" ಅಂತ ಬಂದ ನಡುವಯಸ್ಸಿನವರಿಗೆ ಮೊದಲು ಇಸಿಜಿ. ಹೃದಯದ ಕೆಳಭಾಗಕ್ಕೆ ಆಘಾತವಾದಾಗ ನೋವು ಹೊಟ್ಟೆಯಲ್ಲಿ ಕಾಣಿಸಿಕೊಳ್ಳುವುದು ಅಪರೂಪವೇನಲ್ಲ. ಮಕ್ಕಳಾಗುವ ವಯಸ್ಸಿನ ಹೆಣ್ಣುಮಗಳಿಗೆ, ಮದುವೆ ಆಗಿರಲಿ ಬಿಡಲಿ, ಮೂತ್ರದ ಗರ್ಭಪರೀಕ್ಷೆ. ಗರ್ಭನಾಳದಲ್ಲಿ ನಿಂತ ಬಸಿರು ಒಡೆದರೆ ನಿಮಿಷಗಳ ಲೆಕ್ಕ. ಸಂಕೋಚದಿಂದ ಆ ಪರೀಕ್ಷೆ ಬಿಟ್ಟುಬಿಡುವುದು ನಮ್ಮಲ್ಲಿ ಈಗಲೂ ಇದೆ. ಪಟ್ಟಿಯಲ್ಲಿ "ಎಲ್ಲರಿಗೂ ಮಾಡಿ" ಅಂತಿದ್ದರೆ ಯಾರ ಮೇಲೂ ಅನುಮಾನಪಟ್ಟ ಹಾಗೆ ಆಗುವುದಿಲ್ಲ. ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಇರುವ ಮಗುವಿಗೆ ಬೆರಳು ಚುಚ್ಚಿ ಶುಗರ್ ನೋಡಬೇಕು.

ಡಾಕ್ಟರ ತೀರ್ಮಾನದ ಹೆಸರಲ್ಲಿ ಬಂದದ್ದೆಲ್ಲ ಸರಿ ಅಂತಲೂ ಅಲ್ಲ. ನಾವು ಕಲಿಯುವಾಗ ಒಂದು ನಿಯಮವಿತ್ತು. ಸರ್ಜನ್ ನೋಡುವವರೆಗೆ ನೋವಿನ ಇಂಜೆಕ್ಷನ್ ಕೊಡಬೇಡಿ, ಲಕ್ಷಣ ಮುಚ್ಚಿಹೋಗುತ್ತದೆ. ತಲೆಮಾರುಗಳಿಂದ ಹರಿದು ಬಂದ ಮಾತು. ಪರೀಕ್ಷೆ ಮಾಡಿ ನೋಡಿದಾಗ, ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2011ರ ಕಾಕ್ರೇನ್ ವಿಮರ್ಶೆಯೂ ಹೇಳುವ ಹಾಗೆ, ಗಟ್ಟಿ ನೋವುನಿವಾರಕ ಕೊಟ್ಟರೂ ರೋಗನಿರ್ಣಯ ತಪ್ಪುವುದು ಹೆಚ್ಚಾಗಲಿಲ್ಲ. ಎಷ್ಟು ಜನ ಎಷ್ಟು ಗಂಟೆ ಸುಮ್ನೆ ನರಳಿದರು ಅಂತ ಯೋಚಿಸಿದರೆ ಸಂಕಟವಾಗುತ್ತದೆ. ಕೊಟ್ಟ ಔಷಧಿಯನ್ನೂ ಸಮಯವನ್ನೂ ಬರೆದು ಕಳಿಸಿದರೆ ಸಾಕಿತ್ತು.

ಸಭೆಯಲ್ಲಿ ಬಂದ ಪ್ರಶ್ನೆಗಳಿಗೆ ಬರುತ್ತೇನೆ.

"ಈಗ ಸ್ಕ್ಯಾನಿಂಗ್ ಇದೆಯಲ್ಲ ಡಾಕ್ಟ್ರೇ, ಇಷ್ಟೆಲ್ಲ ಯಾಕೆ?" ಅಂತ ಮೇಷ್ಟ್ರೊಬ್ಬರು ಕೇಳಿದರು. ಸಿಟಿ ಸ್ಕ್ಯಾನ್ ಅಪೆಂಡಿಕ್ಸನ್ನು ಚೆನ್ನಾಗಿ ತೋರಿಸುತ್ತದೆ ಮೇಷ್ಟ್ರೇ, ಅದರಲ್ಲಿ ಎರಡು ಮಾತಿಲ್ಲ. ಅಲ್ಟ್ರಾಸೌಂಡ್ ಮಾಡುವವರ ಕೈಚಳಕದ ಮೇಲೆ ನಿಂತಿದೆ. ಆದರೆ ಸಿಟಿ ಯಂತ್ರ ಇರುವುದು ದೊಡ್ಡ ಊರಿನಲ್ಲಿ. ಯಾರನ್ನು ಅಲ್ಲಿಗೆ ರಾತ್ರೋರಾತ್ರಿ ಕಳಿಸಬೇಕು ಅನ್ನುವ ತೀರ್ಮಾನ ಆಗುವುದು ಯಂತ್ರವಿಲ್ಲದ ಜಾಗದಲ್ಲಿ. ಅಮೆರಿಕದ ನೌಕಾಪಡೆ ಲೀಡ್ಸ್‌ನ ಲೆಕ್ಕವನ್ನೇ ಆಧರಿಸಿ ಸಬ್‌ಮರೀನ್‌ಗಳಿಗಾಗಿ ಒಂದು ಪ್ರೋಗ್ರಾಂ ಮಾಡಿಕೊಂಡಿತ್ತು. ಅಲ್ಲಿ ಡಾಕ್ಟರೂ ಇರುವುದಿಲ್ಲ, ತರಬೇತಿ ಪಡೆದ ಒಬ್ಬ ಸಹಾಯಕ ಮಾತ್ರ. ಹಡಗನ್ನು ಮೇಲೆ ತಂದು ರೋಗಿಯನ್ನು ಇಳಿಸಬೇಕಾ ಬೇಡವಾ ಅಂತ ಅವನು ಹೇಳಬೇಕು. ಜುಲೈ ತಿಂಗಳಲ್ಲಿ ಹೊಸನಗರದ ಒಳಗಿನ ಉಪಕೇಂದ್ರದ ಸ್ಥಿತಿ ಅದಕ್ಕಿಂತ ತುಂಬಾ ಬೇರೆಯಲ್ಲ.

ನರ್ಸಿಂಗ್ ಓದುವ ಹುಡುಗಿಯೊಬ್ಬಳು ಫೋನಿನಲ್ಲಿರುವ ಎಐ ಬಗ್ಗೆ ಕೇಳಿದಳು. 2015ರಲ್ಲಿ ಲಕ್ಷಣ ಕೇಳಿ ಕಾಯಿಲೆ ಹೇಳುವ 23 ಆ್ಯಪ್‌ ಮತ್ತು ವೆಬ್‌ಸೈಟುಗಳನ್ನು ಪರೀಕ್ಷಿಸಿದಾಗ, ಸರಿಯಾದ ಕಾಯಿಲೆಯನ್ನು ಮೊದಲ ಸ್ಥಾನದಲ್ಲಿ ಹೇಳಿದ್ದು 34 ಶೇಕಡಾ ಮಾತ್ರ. ಮರುವರ್ಷ ಡಾಕ್ಟರುಗಳ ಜೊತೆ ಹೋಲಿಸಿದಾಗ ಡಾಕ್ಟರುಗಳದ್ದು 72 ಶೇಕಡಾ. ಕೇಳಿದ್ದಕ್ಕೆ ಮಾತಿನಲ್ಲೇ ಉತ್ತರ ಬರೆಯುವ ಇತ್ತೀಚಿನ ಎಐ, ಅಂದರೆ ಭಾಷಾ ಮಾದರಿಗಳ ಬಗ್ಗೆ 2024ರಲ್ಲಿ ಒಂದು ಅಧ್ಯಯನ ಬಂತು, ಅದೂ ಹೊಟ್ಟೆನೋವಿನದ್ದೇ. ಅಪೆಂಡಿಕ್ಸ್, ಪಿತ್ತಕೋಶ, ಮೇದೋಜೀರಕ, ದೊಡ್ಡ ಕರುಳಿನ ಚೀಲ, ಈ ನಾಲ್ಕರ 2,400 ನಿಜವಾದ ಕೇಸುಗಳು. ಪರೀಕ್ಷಿಸಿದ ಮಾದರಿಗಳು ಡಾಕ್ಟರುಗಳಿಗಿಂತ ಹಿಂದೆ ಬಿದ್ದವು. ಅದಕ್ಕಿಂತ ಹೆಚ್ಚಾಗಿ, ಅದೇ ಮಾಹಿತಿಯನ್ನು ಕೊಡುವ ಕ್ರಮ ಬದಲಿಸಿದರೆ ಉತ್ತರವೂ ಬದಲಾಗುತ್ತಿತ್ತು. ಹೊಸ ಮಾದರಿಗಳು ಬರುತ್ತಲೇ ಇವೆ, ಸುಧಾರಿಸಬಹುದು. ಆದರೆ ಅದಕ್ಕೆ ಏನು ತುಂಬಬೇಕು ಅಂತ ಕೇಳುವವಳು ನೀನೇ ತಾಯಿ. ಒತ್ತಿ ಕೈ ತೆಗೆದಾಗ ರೋಗಿಯ ಮುಖ ನೋಡುವವಳೂ ನೀನೇ.

ಕೊನೆಗೆ ಹಿಂದಿನ ಸಾಲಿನ ಆಶಾ ಕಾರ್ಯಕರ್ತೆಯೊಬ್ಬರು ಎದ್ದು ನಿಂತರು. "ಸರ್, 108 ಬರೋದರೊಳಗೆ ನಾವು ಏನು ಬರೆದು ಕಳಿಸಬೇಕು?" ಅಂದರು.

ಅಕ್ಕ, ನೋವು ಶುರುವಾದ ಗಂಟೆ ಬರೆಯಿರಿ. "ನಿನ್ನೆಯಿಂದ" ಅಂತ ಬೇಡ, ಗಂಟೆಯೇ ಬೇಕು. ಮೊದಲು ಎಲ್ಲಿ ಇತ್ತು, ಈಗ ಎಲ್ಲಿದೆ ಅಂತ ಎರಡನ್ನೂ ಬರೆಯಿರಿ. ವಾಂತಿ ನೋವಿಗಿಂತ ಮೊದಲು ಬಂತಾ, ಆಮೇಲೆ ಬಂತಾ ಅಂತ ಕೇಳಿ. ಮೊದಲು ನೋವು, ಆಮೇಲೆ ವಾಂತಿ ಅಂದರೆ ಸರ್ಜನ್ ಕಿವಿ ನೆಟ್ಟಗಾಗುತ್ತದೆ. ಹೆಣ್ಣುಮಕ್ಕಳಾದರೆ ಕೊನೆಯ ಮುಟ್ಟಿನ ದಿನ. ರಾತ್ರಿ ಎಲ್ಲಿ ಮಲಗಿದ್ದರು. ಮನೆಯಲ್ಲಿ ಏನೇನು ಕೊಟ್ಟರು, ಎಷ್ಟು ಗಂಟೆಗೆ ಕೊಟ್ಟರು. ಏನು ಇರಬಹುದು ಅಂತ ನಿಮಗೆ ಅನ್ನಿಸಿದ್ದನ್ನೂ ಒಂದು ಸಾಲು ಬರೆಯಿರಿ, ಹಿಂಜರಿಯಬೇಡಿ. ಕೆಳಗೆ ನಿಮ್ಮ ಹೆಸರು, ಫೋನ್ ನಂಬರ್ ಹಾಕಿ. ನಾಲ್ಕು ದಿನ ಬಿಟ್ಟು ನೀವೇ ಆಸ್ಪತ್ರೆಗೆ ಫೋನ್ ಮಾಡಿ, "ನಾವು ಕಳಿಸಿದವರಿಗೆ ಏನಾಗಿತ್ತು?" ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ. ಉತ್ತರ ಸಿಕ್ಕಿದ್ದನ್ನು ಅದೇ ಹಾಳೆಯ ನಕಲಿನಲ್ಲಿ, ನಿಮ್ಮ ಊಹೆಯ ಪಕ್ಕದಲ್ಲೇ ಬರೆದಿಡಿ.